ಎಡಗಡೆಯ ಪುಟ

ನಂಜನಗೂಡು
10 ಜೂನ್ 2024

ಪೂಜ್ಯ ಗೋವಿಂದಯ್ಯ ಅಯ್ಯನವರಿಗೆ ಪ್ರೇಮ್‌ಕುಮಾರ್ ಮಾಡುವ ವಂದನೆಗಳು.

ಈಸ್ಟರ್ ಮುಗಿದ ವಾರವೇ ನಿಮ್ಮ ಟ್ರಂಕು ಬಂದು ತಲುಪಿತ್ತು. ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಹದಿನಾಲ್ಕು ನೋಟ್‌ಬುಕ್ಕು! ಬಿಸ್ಕತ್ತು ಬಣ್ಣದ ರಟ್ಟು, ಒಳಗೆ ನಿಮ್ಮ ದುಂಡು ಅಕ್ಷರ, ಮೂವತ್ತು ವರ್ಷ ಭಾನುವಾರದ ಆರಾಧನೆಯಲ್ಲಿ ನೀವು ಹೇಳಿದ ಪ್ರಸಂಗಗಳು. ಇವನ್ನು ನನಗೆ ಕೊಡಬೇಕೆಂದು ನಿಮಗೆ ಅನ್ನಿಸಿತಲ್ಲ, ಅದೇ ನನಗೆ ದೊಡ್ಡದು.

ನಿಮ್ಮ ಸೊಂಟದ ನೋವು ಹೇಗಿದೆ? ಫೋನಿನಲ್ಲಿ ಕೇಳೋಣವೆಂದರೆ ನಿಮಗೆ ಕಿವಿ ಕೇಳಿಸುವುದಿಲ್ಲ. ನಿಮ್ಮ ಮಗಳು ನಡುವೆ ನಿಂತು ಕೂಗಿ ಹೇಳುವುದಕ್ಕಿಂತ ಕಾಗದವೇ ವಾಸಿ.

ಇಲ್ಲಿ ನನಗೆ ನಂಜನಗೂಡು, ಕವಲಂದೆ, ಚಿಕ್ಕಯ್ಯನಛತ್ರ ಮೂರೂ ಊರಿನ ಸಭೆ ನೋಡಿಕೊಳ್ಳಬೇಕು. ವಾರವೆಲ್ಲ ಸ್ಕೂಟರಿನ ಮೇಲೆಯೇ. ಒಂದು ದಿನ ಆಸ್ಪತ್ರೆ, ಇನ್ನೊಂದು ದಿನ ಯಾರದೋ ಮಣ್ಣು, ಮತ್ತೊಂದು ದಿನ ಗಂಡ ಹೆಂಡತಿ ಜಗಳ. ನಿಮ್ಮ ನೋಟ್‌ಬುಕ್ಕುಗಳನ್ನು ಆಗಾಗ ಸುಮ್ಮನೆ ತೆರೆದು ನೋಡುತ್ತೇನೆ, ಅಷ್ಟೆ. ಪ್ರಸಂಗವನ್ನಂತೂ ನಾನೇ ಸಿದ್ಧಮಾಡಿಕೊಳ್ಳುತ್ತೇನೆ. ಆ ವಿಷಯದಲ್ಲಿ ನಿಮಗೆ ಚಿಂತೆ ಬೇಡ.

ನನ್ನಾಕೆ ರೋಜಾಳೂ ನಿಮಗೆ ವಂದನೆ ತಿಳಿಸಿದ್ದಾಳೆ.

ನಿಮ್ಮ ಪ್ರೇಮ್‌ಕುಮಾರ್


ತಿ. ನರಸೀಪುರ
18 ಜೂನ್ 2024

ಪ್ರಿಯ ಪ್ರೇಮ್,

ಪ್ರಸಂಗವನ್ನು ನೀನೇ ಸಿದ್ಧಮಾಡುತ್ತೀಯಾ ಎಂದು ನಾನು ಕೇಳಿಯೇ ಇರಲಿಲ್ಲವಲ್ಲಯ್ಯ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮಾಷೆಗೆ ಬರೆದೆ, ಮುಖ ಊದಿಸಿಕೊಳ್ಳಬೇಡ.

ಸೊಂಟದ ಮೂಳೆ ಕೂಡಿಕೊಂಡಿದೆ, ನಡೆಯಲು ಮಾತ್ರ ಕೋಲು ಬೇಕು. ಮಗಳು ಹೊಸಿಲು ದಾಟಲು ಬಿಡುವುದಿಲ್ಲ. ಪಕ್ಕದ ಬೀದಿಯ ಬೆಟ್ಟಯ್ಯ ದಿನಾ ಬಂದು ಕೂರುತ್ತಾನೆ. "ಐವತ್ತು ವರ್ಷದಿಂದ ಕ್ರಿಸ್ತನ ಮಾತು ಏಳ್ಕಂಡು ಬಂದ್ರಿ, ಎಸ್ರು ಮಾತ್ರ ಗೋವಿಂದನೇ ಉಳಕತ್ತಲ್ಲ" ಎಂದು ಕಿವಿಯ ಹತ್ತಿರ ಕೂಗಿ ರೇಗಿಸುತ್ತಾನೆ. ನಮ್ಮಪ್ಪ ಇಟ್ಟದ್ದು ಕಣಯ್ಯ, ದೇವರಿಗೇನೂ ಅಡ್ಡಿಯಾಗಲಿಲ್ಲ ಅಂದೆ.

ಕೇಳದಿದ್ದರೂ ನನ್ನ ಪದ್ಧತಿ ಹೇಳಿಬಿಡುತ್ತೇನೆ. ಸೋಮವಾರ ವಾಕ್ಯ ಓದುತ್ತಿದ್ದೆ. ಆಮೇಲೆ ಮೂರು ದಿನ ಅದನ್ನು ತಲೆಯಲ್ಲಿಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದೆ. ಗುರುವಾರ ಬರೆದು, ಶನಿವಾರ ಅರ್ಧ ಹೊಡೆದುಹಾಕುತ್ತಿದ್ದೆ. ಯಾವ ಮಾತು ಮೊದಲು ನನಗೇ ಚುಚ್ಚಲಿಲ್ಲವೋ ಅದು ಸಭೆಗೂ ಬೇಡ ಎನ್ನುತ್ತಿದ್ದೆ. ನೀನೂ ಹಾಗೇ ಮಾಡುತ್ತೀಯೆಂದು ನನಗೆ ಗೊತ್ತು. ನಿನ್ನನ್ನು ನಾನೇ ತಯಾರು ಮಾಡಿದ್ದಲ್ಲವೇ?

ಆಶೀರ್ವಾದಗಳು,
ಗೋವಿಂದಯ್ಯ


ನಂಜನಗೂಡು
1 ಜುಲೈ 2024

ಪೂಜ್ಯ ಅಯ್ಯನವರಿಗೆ,

ನಿನ್ನೆಯ ಆರಾಧನೆಯ ಸುದ್ದಿಯನ್ನು ನಿಮಗೆ ಬರೆಯದೆ ಇರಲಾರೆ. ವಾಕ್ಯ, ಪೇತ್ರನು ನೀರಿನ ಮೇಲೆ ನಡೆದು ಹೋಗಿ ಮುಳುಗತೊಡಗಿದ ಭಾಗ. ಯೇಸು ತಡಮಾಡದೆ ಕೈಚಾಚಿದ ಎಂಬುದನ್ನು ಹಿಡಿದುಕೊಂಡು ಮಾತಾಡಿದೆ. ಅದಕ್ಕೆ ಎದುರಾಗಿ ಒಂದು ದೃಷ್ಟಾಂತ ಕೊಟ್ಟೆ. ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಗಡಿಯಾರ ನೋಡುವ, ಸಭೆಯ ಹಿರಿಯರಾದ ನಟರಾಜ್ ಅವರು ಎದ್ದು ಬಂದು ಕೈಹಿಡಿದು, "ಅಯ್ನೋರೆ, ಈ ತರ ಪ್ರಸಂಗ ಕೇಳಿ ಬಾಳ ವರ್ಷ ಆಗಿತ್ತು" ಎಂದರು. ಯಾರೋ ಫೋನಿನಲ್ಲಿ ಹಿಡಿದು ಸಭೆಯ ವಾಟ್ಸಾಪ್ ಗ್ರೂಪಿಗೂ ಹಾಕಿದ್ದಾರೆ.

ಒಬ್ಬ ತಾಯಿ ನಡುವೆಯೇ ಎದ್ದು ಹೊರಗೆ ಹೋದರು. ಮನಸ್ಸಿಗೆ ಅಷ್ಟು ತಾಕಿರಬೇಕು.

ಈ ಊರಿಗೆ ಬಂದು ಮೂರು ವರ್ಷ. ನಿನ್ನೆ ಮೊದಲ ಸಲ ನಾನು ಸಭಾಪಾಲಕನೆಂದು ನನಗೇ ಅನ್ನಿಸಿತು.

ನಿಮ್ಮ ಪ್ರೇಮ್‌ಕುಮಾರ್


ತಿ. ನರಸೀಪುರ
8 ಜುಲೈ 2024

ಪ್ರಿಯ ಪ್ರೇಮ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಮಗಳಿಗೂ ಬೆಟ್ಟಯ್ಯನಿಗೂ ಓದಿ ಹೇಳಿದೆ. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀಯಾ? ಆ ಭಾಗದ ಮೇಲೆ ನಾನೂ ಒಂದು ಸಲ ಮಾತಾಡಿದ್ದೆ. ಇಪ್ಪತ್ತೇಳು ವರ್ಷವಾಯಿತು. ಚಪ್ಪೆ ಪ್ರಸಂಗ. ಜನ ಆಕಳಿಸಿದರು. ಕೈ ಚಾಚಿದ ಎನ್ನುವುದನ್ನು ಹೇಳಿದೆ, ಆದರೆ ಅದಕ್ಕೆ ತಕ್ಕ ಎದುರು ಚಿತ್ರ ಸಿಗಲಿಲ್ಲ.

ನೀನು ಕೊಟ್ಟ ದೃಷ್ಟಾಂತ ಏನು? ನನಗೂ ಬರೆದು ಕಳಿಸು. ಮುದುಕನಾದರೂ ಕಲಿಯುವ ಆಸೆ ಹೋಗಿಲ್ಲ. ಎದ್ದು ಹೋದ ಆ ತಾಯಿಯನ್ನು ಮಾತ್ರ ಹೋಗಿ ನೋಡಿಕೊಂಡು ಬಾ. ಪ್ರಸಂಗದ ನಡುವೆ ಎದ್ದು ಹೋಗುವವರೆಲ್ಲ ತಾಕಿಯೇ ಹೋಗುವುದಿಲ್ಲ. ಒಂದೊಂದು ಸಲ ಒಲೆಯ ಮೇಲೆ ಹಾಲಿಟ್ಟು ಬಂದಿರುತ್ತಾರೆ.

ಗೋವಿಂದಯ್ಯ


ನಂಜನಗೂಡು
29 ಜುಲೈ 2024

ಪೂಜ್ಯ ಅಯ್ಯನವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ದೇವಾಲಯದ ಮಾಡು ಸೋರುತ್ತಿದೆ. ಕಬಿನಿಯಲ್ಲಿ ನೀರು ಬಿಟ್ಟಿದ್ದರಿಂದ ಹೊಳೆ ದಂಡೆಯ ಮನೆಗಳವರನ್ನು ಬೇರೆ ಕಡೆ ಕೂರಿಸುವ ಕೆಲಸವೂ ಇತ್ತು. ದೃಷ್ಟಾಂತದ ವಿಷಯ ಇನ್ನೊಂದು ಸಲ ಬರೆಯುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಮಂಚಮ್ಮ ಎಂಬವರು ನಿಮಗೆ ಗೊತ್ತೇ? ನಾಲ್ಕು ವರ್ಷದ ಹಿಂದೆ ಮಗ ರವಿಚಂದ್ರನ ಜೊತೆ ಇಲ್ಲಿಗೆ ಬಂದವರಂತೆ. ಆತನಿಗೆ ಇಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸ.

ಪ್ರೇಮ್‌ಕುಮಾರ್


ತಿ. ನರಸೀಪುರ
1 ಆಗಸ್ಟ್ 2024

ಪ್ರಿಯ ಪ್ರೇಮ್,

ಯಾವ ಮಂಚಮ್ಮ? ಎಡಗೈ ಹೆಬ್ಬೆರಳು ಸೊಟ್ಟಗಿರುವವಳಾದರೆ ಗೊತ್ತಿಲ್ಲದೆ ಏನು! ಅವಳಿಗೂ ಮಗುವಿಗೂ ದೀಕ್ಷಾಸ್ನಾನ ಕೊಟ್ಟವನು ನಾನೇ. ಆ ಬೆರಳು ಮುರಿದದ್ದು ಅವಳ ಗಂಡ. ಸೋಮವಾರದಿಂದ ಶನಿವಾರದವರೆಗೆ ಅನ್ನಕ್ಕಿಡುವಾಗ ಒಂದೊಂದು ಹಿಡಿ ಅಕ್ಕಿ ತೆಗೆದಿಟ್ಟು ಭಾನುವಾರ ಕಾಣಿಕೆ ತರುತ್ತಿದ್ದಳು, ಮನೆಯಲ್ಲಿ ಮಾರನೆಯ ದಿನಕ್ಕೆ ಇಲ್ಲದಿದ್ದರೂ. ನಂಜನಗೂಡಿನಲ್ಲಿ ಇದ್ದಾಳೆಯೇ? ನಾನು ಕೇಳಿದೆ ಎಂದು ಹೇಳು. ಅವಳನ್ನು ಚೆನ್ನಾಗಿ ನೋಡಿಕೋ ಪ್ರೇಮ್, ಬಹಳ ನೊಂದ ಜೀವ.

ಇಷ್ಟು ಬರೆದು ಊಟಕ್ಕೆ ಎದ್ದೆ. ತಟ್ಟೆ ಬಿಟ್ಟು ಬಂದು ಮತ್ತೆ ಪೆನ್ನು ಹಿಡಿದಿದ್ದೇನೆ. ಅವಳ ವಿಷಯ ನೀನು ಯಾಕೆ ಕೇಳಿದೆ? ಪೇತ್ರನ ಪ್ರಸಂಗಕ್ಕೆ ಕೊಟ್ಟ ದೃಷ್ಟಾಂತ ಎಲ್ಲಿಂದ ತಂದೆ?

ನೋಟ್‌ಬುಕ್ಕಿನಲ್ಲಿ ಬಲಗಡೆ ಪುಟ ಮಾತ್ರ ಪ್ರಸಂಗ. ಎಡಗಡೆ ಪುಟ ನನ್ನದು, ದೇವರದು. ಆ ವಾರ ಯಾರ ಮನೆಯಲ್ಲಿ ಏನು ಕೇಳಿದೆನೋ ಅದನ್ನು ಹೆಸರಿಲ್ಲದೆ ಬರೆದು, ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದೆ. ಟ್ರಂಕು ಕಳಿಸುವಾಗ ಇದನ್ನು ನಿನಗೆ ಹೇಳಿದ್ದೆನೇ? ಹೇಳಿದ್ದೆ ಎಂದುಕೊಂಡಿದ್ದೇನೆ. ಹೇಳಿರಲಿಲ್ಲ ಅಲ್ಲವೇ?

ಕೂಡಲೇ ಬರೆ.

ಗೋವಿಂದಯ್ಯ


ನಂಜನಗೂಡು
6 ಆಗಸ್ಟ್ 2024

ಅಯ್ಯನವರೇ,

ನೀವು ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ಈಸ್ಟರ್ ಆದಮೇಲೆ ಈ ಸಭೆಯಲ್ಲಿ ನಾನು ಮಾಡಿದ ಹನ್ನೊಂದು ಪ್ರಸಂಗಗಳೂ ನಿಮ್ಮವು. ಸುಮ್ಮನೆ ತೆರೆದು ನೋಡುತ್ತೇನೆ ಎಂದು ಬರೆದದ್ದು ಸುಳ್ಳು. ಮೊದಲನೆಯ ವಾರ ಎರಡು ಮಣ್ಣು ಬಂದು, ಬರೆಯಲು ಸಮಯವಿರಲಿಲ್ಲ. ನಿಮ್ಮದನ್ನು ಓದಿದೆ. ಜನ ತಲೆಯಾಡಿಸಿದರು. ಮುಂದಿನ ವಾರ ಸಮಯವಿತ್ತು, ಆದರೂ ನಿಮ್ಮದನ್ನೇ ಓದಿದೆ. ರೋಜಾ ಒಂದು ದಿನ, "ಇದು ನಿಮ್ಮ ಮಾತಿನ ಹಾಗೆ ಇಲ್ಲವಲ್ಲ" ಅಂದಳು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂದು ನಗಾಡಿ ಜಾರಿಕೊಂಡೆ.

ಎಡಗಡೆಯ ಪುಟಗಳನ್ನು ದೃಷ್ಟಾಂತಗಳು ಎಂದುಕೊಂಡೆ. ಅಂದು ನಾನು ಹೇಳಿದ್ದು ಇಷ್ಟು. ನಾನು ಬಲ್ಲ ಒಬ್ಬ ಹೆಣ್ಣುಮಗಳು, ಕಪಿಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕುಡಿದ ಗಂಡ ಹೊಳೆಗೆ ಇಳಿದು ಮಡುವಿಗೆ ಜಾರಿದ. ಕೈ ಎತ್ತಿದ. ಅವಳ ಕೈಯಲ್ಲಿ ಒಗೆದ ಸೀರೆ ಇತ್ತು. ಎಸೆಯದೆ ನಿಂತಳು. ಇಲ್ಲಿ ನಿಲ್ಲಿಸಿ, ಸಭೆಯನ್ನು ನೋಡಿ, "ಯೇಸು ಕೈ ಚಾಚಿದ, ಇವಳು ಚಾಚಲಿಲ್ಲ, ನೀವು ಯಾರ ಕಡೆ?" ಎಂದು ಕೇಳಿದೆ. ನಾನು ಬಲ್ಲ ಎಂಬ ಮಾತು ನಿಮ್ಮ ಪುಟದಲ್ಲಿ ಇರಲಿಲ್ಲ. ಅದೊಂದೇ ನನ್ನ ಸ್ವಂತದ್ದು.

ಮಂಚಮ್ಮನವರು ಕಿಟಕಿಯ ಪಕ್ಕ ಮೂರನೆಯ ಬೆಂಚಿನಲ್ಲಿ ಕೂತಿದ್ದರು. ಎದ್ದು ಹೋದವರು ಅವರೇ. ಅವರ ಗಂಡ ಹೊಳೆಯಲ್ಲಿ ತೀರಿಕೊಂಡದ್ದು ಗೊತ್ತಿದ್ದ ಎರಡು ಮನೆ ಸಭೆಯಲ್ಲಿವೆ. ಅಷ್ಟು ಸಾಕಾಯಿತು. ಮೂರನೆಯ ದಿನ ರವಿಚಂದ್ರ ಫೋನು ಹಿಡಿದು ಬಂದ. ನನ್ನ ಧ್ವನಿಯನ್ನು ನನಗೇ ಕೇಳಿಸಿದ.

"ಅಯ್ನೋರೆ, ಇದು ನಮ್ಮವ್ವನ ಕತೆನಾ?"

"ಅಯ್ಯೋ, ಇಲ್ಲ ಕಣಪ್ಪ. ಯಾವುದೋ ಪುಸ್ತಕದಲ್ಲಿ ಓದಿದ್ದು."

"ನಾನು ಬಲ್ಲ ಎಣ್ಮಗಳು ಅಂದಿದ್ದೀರಿ."

"ಮಾತಿಗೆ ಹಾಗೆ ಅನ್ನುತ್ತೇವೆ."

"ಅವ್ವನ್ನ ಕೇಳ್ದೆ. ಬಾಯೇ ಬುಡ್ನಿಲ್ಲ. ಸುಳ್ಳು ಅನ್ನವ್ವ ಸಾಕು ಅಂದೆ, ಅದ್ನೂ ಅನ್ನನಿಲ್ಲ" ಎಂದು ಹೇಳಿ ಹೊರಟುಹೋದ.

ಒಂದು ತಿಂಗಳಾಯಿತು. ಅವರು ದೇವಾಲಯಕ್ಕೆ ಬಂದಿಲ್ಲ. ತಾಯಿ ಮಗ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದಾರಂತೆ. ನೀವು ಹೋಗಿ ನೋಡು ಎಂದು ಬರೆದಿದ್ದಿರಿ. ಆ ಬೀದಿಯ ತುದಿಯವರೆಗೆ ನಾಲ್ಕು ಸಲ ಹೋಗಿ ಸ್ಕೂಟರು ತಿರುಗಿಸಿದ್ದೇನೆ. ನಿಮ್ಮ ಬಳಿಗೆ ಒಂದು ಗಂಟೆಯ ಬಸ್ಸು. ಬಂದು ನಿಮ್ಮ ಮುಖ ನೋಡುವ ಧೈರ್ಯವೂ ಇಲ್ಲದೆ ಬರೆಯುತ್ತಿದ್ದೇನೆ. ನನಗೆ ನಾಚಿಕೆಯಾಗುತ್ತದೆ ಅಯ್ಯನವರೇ. ಆರಾಧನೆಯ ಬಿಳಿ ಅಂಗಿಯನ್ನು ಈಗ ಕನ್ನಡಿಗೆ ಬೆನ್ನು ಹಾಕಿ ತೊಡುತ್ತೇನೆ.

ಈ ಭಾನುವಾರ ಕವಲಂದೆಯಲ್ಲಿ ಆರಾಧನೆ. ಹದಿನೆಂಟನೆಯ ತಾರೀಖು ಇಲ್ಲಿ ಪ್ರಸಂಗ ಪೀಠದಿಂದ ಎಲ್ಲವನ್ನೂ ಹೇಳಿಬಿಡುತ್ತೇನೆ. ಯಾರ ಕತೆ, ಹೇಗೆ ಬಂತು, ಎಲ್ಲ. ಹೇಳಿ ಅವರ ಹೆಸರಿನಲ್ಲಿ ಕ್ಷಮೆ ಕೇಳುತ್ತೇನೆ. ಆಗಲಾದರೂ ಈ ಭಾರ ಇಳಿದೀತು.

ಪ್ರೇಮ್‌ಕುಮಾರ್


ತಿ. ನರಸೀಪುರ
10 ಆಗಸ್ಟ್ 2024

ಪ್ರೇಮ್,

ಖಂಡಿತ ಬೇಡ. ಅವಳ ಹೆಸರು ಹೇಳಿ ಕ್ಷಮೆ ಕೇಳಿದರೆ ಇಳಿಯುವುದು ನಿನ್ನ ಭಾರ, ಏರುವುದು ಅವಳ ತಲೆಯ ಮೇಲೆ. ಎರಡು ಮನೆಗೆ ಗೊತ್ತಿದ್ದದ್ದು ನೂರು ಮನೆಗೆ ಗೊತ್ತಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದದ್ದನ್ನು ಇನ್ನೊಂದು ಸಲ ಒಡೆಯಬೇಡ.

ನಿನ್ನನ್ನು ಬೈಯಲೆಂದು ಕೂತೆ. ಎರಡು ಸಾಲು ಬರೆದು ಹರಿದುಹಾಕಿದೆ. ಹಿಂದಿನ ಕಾಗದದಲ್ಲಿ ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. ಎಡಗಡೆಯ ಪುಟ ದೇವರದು ಎಂದು ದೊಡ್ಡದಾಗಿ ಬರೆದೆನಲ್ಲ. ಆ ಪುಟದ ತಲೆಯಲ್ಲಿ ಪೆನ್ಸಿಲಿನಲ್ಲಿ 'ಮತ್ತಾಯ 14' ಎಂದು ಪೇತ್ರನ ಅಧ್ಯಾಯದ ಗುರುತು ಇದೆಯಲ್ಲವೇ? ಅದನ್ನು ಬರೆದವನು ನಾನೇ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅತ್ತು ಹೇಳಿದಳು. ನಾನು ಪ್ರಾರ್ಥನೆ ಮಾಡಿ ಮನೆಗೆ ಬಂದೆ. ಬರೆದೆ. ಬರೆಯುತ್ತ ಬರೆಯುತ್ತ ಇದು ಪೇತ್ರನ ಪ್ರಸಂಗಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ಅನ್ನಿಸಿತು. ಅವಳ ಕಣ್ಣೀರು ಇನ್ನೂ ಒಣಗಿರಲಿಲ್ಲ ಕಣಯ್ಯ, ನಾನಾಗಲೇ ಪೆನ್ಸಿಲು ತೆಗೆದಿದ್ದೆ. ಆ ಭಾನುವಾರ ಅವಳು ಎದುರಿಗೇ ಕೂತಿದ್ದಳು, ಅದಕ್ಕೇ ಹೇಳಲಿಲ್ಲ. ಇನ್ನೊಂದು ಊರಿಗೆ ವರ್ಗವಾದ ಮೇಲೆ ಉಪಯೋಗಿಸೋಣ ಎಂದುಕೊಂಡೆ. ಆಮೇಲೆ ಎಷ್ಟು ಮರೆತೆನೆಂದರೆ, ಎದುರು ಚಿತ್ರ ಸಿಗಲಿಲ್ಲ ಎಂದು ಜುಲೈಯಲ್ಲಿ ನಿನಗೇ ಬರೆದೆ. ನನ್ನ ಒಳ್ಳೆಯತನ ಅಷ್ಟೇ, ಮರೆವು. ನೀನು ಓದಿದ್ದು ತಪ್ಪು ಪುಟವಲ್ಲ, ನಾನು ಗುರುತು ಹಾಕಿಟ್ಟ ಪುಟವನ್ನೇ.

ಅವಳು ಅದನ್ನು ಹೇಳಿದ್ದು ಜಗತ್ತಿನಲ್ಲಿ ನನ್ನೊಬ್ಬನಿಗೆ. ಈಗ ನನ್ನ ಬಗ್ಗೆ ಏನೆಂದುಕೊಂಡಿದ್ದಾಳೆ ಎಂಬುದು ನನಗೆ ಗೊತ್ತು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಂದು ಹೆಣ್ಣುಮಗಳ ಎದುರು ತಲೆಯೆತ್ತಲಾರದವನಾದೆ.

ಆ ಪುಟವನ್ನು ಹರಿದು ತೆಗೆದುಕೊಂಡು ಅವಳ ಮನೆಗೆ ಹೋಗು. ಅದು ಅವಳದ್ದು, ಅವಳಿಗೇ ಕೊಡು. ಪ್ರಾರ್ಥನೆ ಮಾಡಲು ಹೋಗಬೇಡ. ಅವಳು ಏನು ಹೇಳುತ್ತಾಳೋ ಹಾಗೆ ಮಾಡು. ಕೊಡುವ ಮುಂಚೆ ನೀನೊಮ್ಮೆ ಪೂರ್ತಿ ಓದು. ನೀನು ಬರೆದದ್ದಕ್ಕಿಂತ ಅದರಲ್ಲಿ ಹೆಚ್ಚಿಗೆ ಏನೋ ಇತ್ತು ಎಂದು ನನ್ನ ನೆನಪು.

ಗೋವಿಂದಯ್ಯ


ನಂಜನಗೂಡು
19 ಆಗಸ್ಟ್ 2024, ಸೋಮವಾರ

ಪೂಜ್ಯ ಅಯ್ಯನವರಿಗೆ,

ಹದಿನೈದನೆಯ ತಾರೀಖು ಫ್ಯಾಕ್ಟರಿಗೆ ರಜೆ, ರವಿಚಂದ್ರನೂ ಮನೆಯಲ್ಲಿರುತ್ತಾನೆ ಎಂದು ಅಂದೇ ಹೋದೆ. ಮಂಚಮ್ಮನವರು ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದರು. ಏಳಲಿಲ್ಲ. ಕೂರಿ ಎನ್ನಲಿಲ್ಲ. ನಾನು ನಿಂತೇ, ನಿಮ್ಮ ನೋಟ್‌ಬುಕ್ಕು ನನಗೆ ಹೇಗೆ ಬಂತು, ನಾನು ಏನು ಮಾಡಿದೆ ಎಂದು ಹೇಳಿದೆ. ಪೆನ್ಸಿಲಿನ ವಿಷಯವನ್ನೂ ಹೇಳಿದೆ. ಪುಟವನ್ನು ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಂಗೆ ಓದಕ್ ಬರಕ್ಕಿಲ್ಲ. ನೀವೇ ಓದಿ" ಎಂದರು.

ರವಿಚಂದ್ರ ಬಾಗಿಲಿಗೆ ಒರಗಿ ನಿಂತಿದ್ದ. ನಾನು ಓದಿದೆ. ನಿಮ್ಮ ನೆನಪು ಸರಿ. ಪುಟದಲ್ಲಿ ಇದ್ದದ್ದನ್ನು ಹಾಗೆಯೇ ಬರೆಯುತ್ತೇನೆ. "ಎಸೆಯದೆ ನಿಂತಳು. ಎಷ್ಟು ಹೊತ್ತು ಎಂದೆ. ಒಂದು ಉಸಿರು ಎಂದಳು. ಆಮೇಲೆ ಎಸೆದಳು. ಸೆರಗು ಅವನಿಗೆ ಮುಟ್ಟಲಿಲ್ಲ. ಈಜು ಬಾರದವಳು ಕುತ್ತಿಗೆಮಟ್ಟ ನೀರಿಗೆ ಇಳಿದು ಮತ್ತೆ ಎಸೆದಳು. ದಡದಲ್ಲಿ ಮಗು ತೆವಳಿಕೊಂಡು ನೀರಿನ ಕಡೆಗೇ ಬರುತ್ತಿತ್ತು. ಹಿಂದಕ್ಕೆ ಬಂದು ಅದನ್ನು ಎತ್ತಿಕೊಂಡಳು. ಆ ಒಂದು ಉಸಿರಿಗಾಗಿ ಅಳುತ್ತಾಳೆ. ನಾನು ಏನು ಹೇಳಲಿ, ಸ್ವಾಮಿ?"

ಓದಿ ಮುಗಿಸಿ ಪುಟವನ್ನು ಅವರ ಕೈಗೆ ಕೊಟ್ಟೆ. ಆಮೇಲೆ ರವಿಚಂದ್ರ ಕೇಳಿದ.

"ಇದು ಆವತ್ತೂ ಇದ್ರಲ್ಲಿ ಇತ್ತಾ?"

"ಇತ್ತು."

"ಓದಿದ್ರಾ?"

"ಓದಿದ್ದೆ."

"ಮತ್ಯಾಕೆ ಏಳ್ನಿಲ್ಲ?"

ನನ್ನ ಬಾಯಿಗೆ ನಾಲ್ಕು ಸಬೂಬು ಬಂದವು ಅಯ್ಯನವರೇ. ಸಮಯ ಸಾಲಲಿಲ್ಲ ಎಂಬುದೂ ಬಂತು. ಅವನ ಮುಖ ನೋಡಿ ನಿಜ ಹೇಳಿದೆ. "ಹೇಳಿದ್ದರೆ ಪ್ರಸಂಗ ಸಪ್ಪೆಯಾಗುತ್ತಿತ್ತು. ಕೈ ಚಾಚದವಳು ಬೇಕಿತ್ತು ನನಗೆ. ಅದಕ್ಕೆ ಅಲ್ಲಿಗೇ ನಿಲ್ಲಿಸಿದೆ."

ಇದನ್ನು ನಿಮಗೂ ಮುಚ್ಚಿಟ್ಟಿದ್ದೆ. ಕದ್ದು ಓದಿದ್ದನ್ನು ಬರೆಯಬಲ್ಲವನಾದೆ, ಇದನ್ನು ಬರೆಯಲು ಕೈ ಬರಲಿಲ್ಲ. ಅವರು ಎಸೆದ ಸೀರೆಯನ್ನು ನಾನು ಕತ್ತರಿಸಿ ಹಾಕಿದೆ.

ರವಿಚಂದ್ರ ನನಗೆ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಜಗಲಿಗೆ ಬಂದು ತಾಯಿಯ ಪಕ್ಕ ಕೂತ. "ಅವ್ವ, ಆ ಮಗ ನಾನಾ?" ಎಂದ. ಅವರು ಅಲಸಂದೆಕಾಯಿಯನ್ನು ಕೆಳಗಿಡಲಿಲ್ಲ. "ಇನ್ಯಾರ್ಲಾ? ಒಂದ್ ಗಳ್ಗೆ ಸುಮ್ಕೆ ಕೂರ್ತಿರ್ನಿಲ್ಲ ನೀನು" ಎಂದರು. ಅವನು ಮುಖ ಮುಚ್ಚಿಕೊಂಡು ಅತ್ತ. ಅವರ ಸೊಟ್ಟ ಬೆರಳಿನ ಕೈ ಅವನ ಬೆನ್ನ ಮೇಲಿತ್ತು. ನಾನು ಅಲ್ಲಿ ನಿಂತಿರಬಾರದಿತ್ತು.

ಆ ಕಾಗದವನ್ನು ಮಂಚಮ್ಮನವರು ಮಡಿಸಿ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡರು. ನಾನೇನು ಮಾಡಬೇಕು ಎಂದು ಕೇಳಿದೆ.

"ಆವತ್ತು ಎಲ್ಲಿ ನಿಂತು ಏಳುದ್ರೋ ಅಲ್ಲೇ ನಿಂತ್ಕಂಡು ಏಳಿ. ನನ್ನೆಸ್ರು ಬ್ಯಾಡ. ಸೀರೆ ಎಸುದ್ಲು ಅನ್ನಿ. ನೀರ್ಗೆ ಇಳುದ್ಲು ಅನ್ನಿ."

"ನಿಮ್ಮ ವಿಷಯ ಎಂದು ಇನ್ನೂ ನಾಲ್ಕು ಜನಕ್ಕೆ ತಿಳಿದರೆ?"

"ಅರ್ಧ ತಿಳ್ಕಂಡವ್ರೆ, ಪೂರ್ತಿ ತಿಳ್ಕಳ್ಳಿ ಬುಡಿ."

ನಿನ್ನೆ ಹಾಗೇ ಮಾಡಿದೆ. ಹನ್ನೊಂದು ಭಾನುವಾರ ಇನ್ನೊಬ್ಬರ ಪ್ರಸಂಗವನ್ನು ನನ್ನದೆಂದು ಓದಿದೆ ಎಂದೆ. ಒಬ್ಬ ತಾಯಿಯ ಬದುಕನ್ನು ಅವರನ್ನು ಕೇಳದೆ ಎತ್ತಿಕೊಂಡೆ, ಎತ್ತಿಕೊಂಡು ನನಗೆ ಬೇಕಾದ ಕಡೆ ತುಂಡು ಮಾಡಿದೆ ಎಂದೆ. ಅವಳು ಸೀರೆ ಎಸೆದಳು, ನೀರಿಗಿಳಿದಳು ಎಂದೆ. ಏಳೆಂಟು ನಿಮಿಷವೂ ಆಗಲಿಲ್ಲ. ಯಾರೂ ಅಳಲಿಲ್ಲ. ನಟರಾಜ್ ಅವರು ನೆಲ ನೋಡುತ್ತಿದ್ದರು. ಇಂಥವನು ನಮಗೆ ಬೇಕೇ ಎಂದು ತೀರ್ಮಾನಿಸಲು ಹಿರಿಯರು ಬುಧವಾರ ಸೇರುತ್ತಾರೆ. ಅವರು ಏನು ಹೇಳಿದರೂ ಒಪ್ಪುತ್ತೇನೆ. ರೋಜಾ ಗಂಟುಮೂಟೆ ಕಟ್ಟಬೇಕಾದರೆ ಕಟ್ಟೋಣ ಎಂದಿದ್ದಾಳೆ. ಉಳಿದ ನೋಟ್‌ಬುಕ್ಕುಗಳನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದ್ದೇನೆ. ಅದರಲ್ಲಿ ಇನ್ನೂ ಎಷ್ಟು ಮನೆಗಳ ಮಾತಿದೆಯೋ, ನಾನೇ ಹೊತ್ತು ತಂದು ನಿಮಗೆ ಒಪ್ಪಿಸುತ್ತೇನೆ.

ಮಂಚಮ್ಮನವರು ನಿನ್ನೆ ಬಂದಿದ್ದರು, ಮಗನೂ ಜೊತೆಗಿದ್ದ. ಅದೇ ಮೂರನೆಯ ಬೆಂಚು. ಆರಾಧನೆ ಮುಗಿದು ಬಾಗಿಲಲ್ಲಿ ನಾನು ಎಲ್ಲರಿಗೂ ಕೈಮುಗಿಯುತ್ತಿದ್ದಾಗ ಕೊನೆಯಲ್ಲಿ ಬಂದು ನಿಂತರು. ಅವರು ಹೇಳಿದ ಮಾತು ನಿಮಗೂ ಸೇರಿದ್ದು. ಬರೆಯದೆ ಬಿಟ್ಟರೆ ನಿಮ್ಮ ವಯಸ್ಸಿಗೆ ಒಳ್ಳೆಯದು ಎಂದು ಬೆಳಗಿನಿಂದ ಯೋಚಿಸಿದೆ. ಆದರೆ ಅರ್ಧ ಬಿಟ್ಟು ಹೇಳುವ ಚಾಳಿ ಇನ್ನು ಬೇಡ.

"ದೇವ್ರ ಮನ್ಗೆ ಬತ್ತೀನಿ ಅಯ್ನೋರೆ, ಅದ್ಕೇನು" ಎಂದರು. "ಯಾವ ಅಯ್ನೋರ್ಗೂ ಮಾತ್ರ ಇನ್ನೇನೂ ಏಳಕ್ಕಿಲ್ಲ."

ಪ್ರೇಮ್‌ಕುಮಾರ್